ಉಪಗ್ರಹ ಇಂಟರ್ನೆಟ್ ಆಗುಂಬೆ ಕಡೆಯ ಮಳೆಗೆ, ಅಡಿಕೆ ಮರಕ್ಕೆ ತಡೆಯುತ್ತಾ?

ಹೆಂಚಿನ_ಮಾಡು (ತೀರ್ಥಹಳ್ಳಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಉಪಗ್ರಹ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್‌ಗೆ ದೂರಸಂಪರ್ಕ ಇಲಾಖೆ ಪರವಾನಗಿ ಕೊಟ್ಟಿದ್ದು 2025ರ ಜೂನ್‌ನಲ್ಲಿ, ಬಾಹ್ಯಾಕಾಶ ಕ್ಷೇತ್ರದ ನಿಯಂತ್ರಣ ಸಂಸ್ಥೆ ಇನ್‌ಸ್ಪೇಸ್‌ನ ಒಪ್ಪಿಗೆ ಬಂದಿದ್ದು ಜುಲೈನಲ್ಲಿ. ಅಲ್ಲಿಂದ ವಾಟ್ಸಾಪ್ ಗುಂಪುಗಳಲ್ಲಿ ವಾರಕ್ಕೊಂದು ದರಪಟ್ಟಿ ಓಡಾಡ್ತಾ ಇದೆ. ಡಿಸೆಂಬರ್‌ನಲ್ಲಿ ತಿಂಗಳಿಗೆ 8,600 ರೂಪಾಯಿ ಅಂತ ಜಾಲತಾಣದಲ್ಲೇ ಕಾಣಿಸ್ತು, ಆಮೇಲೆ ಅದು ಪರೀಕ್ಷೆಗೆ ಹಾಕಿದ ಡಮ್ಮಿ ಅಂಕಿ ಅಂತ ಕಂಪನಿಯೇ ಹೇಳ್ತು. ಹಾಗಾಗಿ ದರದ ಚರ್ಚೆ ಬೇಡ. ಕೇಳಬೇಕಾಗಿರೋದು ಬೇರೆ.

ಮನೆ ಇರೋದು ಕಣಿವೆಯಲ್ಲಿ. ಮುಂದೆ ಅಡಿಕೆ ತೋಟ, ಮರಗಳು 15ರಿಂದ 18 ಮೀಟರ್. ಹಿಂದೆ ಸೊಪ್ಪಿನ ಬೆಟ್ಟ. ಮಾಡು ಹೆಂಚಿನದು, ಸಿಟೌಟ್ ಮೇಲೆ ಮಾತ್ರ ಆರ್‌ಸಿಸಿ. ಮೊಬೈಲ್ ಸಿಗ್ನಲ್ ಕೊಟ್ಟಿಗೆ ಹತ್ತಿರ ಒಂದು ಕಡ್ಡಿ. ಕರೆಂಟು ಮಳೆಗಾಲದಲ್ಲಿ ಒಮ್ಮೊಮ್ಮೆ ಎರಡು ದಿನ ಇರಲ್ಲ. 150 ಆಂಪ್‌ಅವರ್ ಟ್ಯೂಬ್ಯುಲರ್ ಬ್ಯಾಟರಿಯ ಇನ್ವರ್ಟರ್ ಇದೆ.

ಮೂರು ಪ್ರಶ್ನೆ. ಆಷಾಢದ ಮಳೆಗೆ ಈ ಸಿಗ್ನಲ್ ನಿಲ್ಲುತ್ತಾ? ಬೆಟ್ಟ, ಮರ ಎಷ್ಟು ಅಡ್ಡಿ? ಕರೆಂಟು ಹೋದಾಗ ಎಷ್ಟು ಹೊತ್ತು ಎಳೆಯಬಹುದು? ಜೊತೆಗೆ, ಸೋಡಿಯಂ ಬ್ಯಾಟರಿ ಬರುತ್ತೆ, ಅಲ್ಲಿವರೆಗೆ ಹೊಸ ಬ್ಯಾಟರಿ ತಗೋಬೇಡಿ ಅನ್ನೋರು ಇದ್ದಾರೆ. ಫೋನಿಗೇ ನೇರ ಉಪಗ್ರಹ ಬರುವಾಗ ಡಿಶ್ ಯಾಕೆ ಅನ್ನೋರೂ ಇದ್ದಾರೆ. ಗೊತ್ತಿದ್ದವರು ಲೆಕ್ಕ ಸಮೇತ ಹೇಳಿ.

---

ಮಳೆಲೆಕ್ಕ

ಮೊದಲನೇ ಪ್ರಶ್ನೆಗೆ ಉತ್ತರ ನಿಮಗೆ ವಿಚಿತ್ರ ಅನ್ನಿಸಬಹುದು: ಆಷಾಢದ ಮಳೆಯಲ್ಲಿ ನಡೆಯುತ್ತೆ, ಮೇ ತಿಂಗಳ ಸಂಜೆ ಮಳೆಯಲ್ಲಿ ಬೀಳುತ್ತೆ.

ಕಾರಣ ಇದು. ಈ ಡಿಶ್ ಕೇಳೋದು 10.7ರಿಂದ 12.7 ಗಿಗಾಹರ್ಟ್ಸ್‌ನಲ್ಲಿ, ಹೇಳೋದು 14ರಿಂದ 14.5ರಲ್ಲಿ. ಅಂದ್ರೆ ಕೆಯು ಬ್ಯಾಂಡ್, ನಿಮ್ಮ ಟಿವಿ ಡಿಟಿಎಚ್‌ನದೇ ಬ್ಯಾಂಡ್. 12 ಗಿಗಾಹರ್ಟ್ಸ್‌ನ ಅಲೆಯ ಉದ್ದ 2.5 ಸೆಂಟಿಮೀಟರ್. ಮಳೆಹನಿ ಕೆಲವು ಮಿಲಿಮೀಟರ್. ಮೊಬೈಲ್ ಟವರಿನ ಅಲೆ ಇದಕ್ಕಿಂತ ಎಷ್ಟೋ ಉದ್ದ, ಹಾಗಾಗಿ ಅದಕ್ಕೆ ಹನಿ ಲೆಕ್ಕಕ್ಕೇ ಇಲ್ಲ. ಕೆಯು ಬ್ಯಾಂಡಿಗೆ ಲೆಕ್ಕಕ್ಕಿದೆ.

ಇಲ್ಲಿ ಮುಖ್ಯ ಆಗೋದು ಒಟ್ಟು ಎಷ್ಟು ಮಳೆ ಬಿತ್ತು ಅನ್ನೋದಲ್ಲ, ಆ ಗಳಿಗೆಯಲ್ಲಿ ಎಷ್ಟು ಜೋರು ಅನ್ನೋದು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸೂತ್ರದಲ್ಲಿ 12 ಗಿಗಾಹರ್ಟ್ಸ್‌ಗೆ ಲೆಕ್ಕ ಹಾಕಿದರೆ ಗಂಟೆಗೆ 10 ಮಿ.ಮೀ. ಮಳೆಯಲ್ಲಿ ಕಿಲೋಮೀಟರಿಗೆ ಸುಮಾರು 0.35 ಡೆಸಿಬೆಲ್ ನಷ್ಟ (ಡೆಸಿಬೆಲ್ ಅಂದ್ರೆ ಸಿಗ್ನಲ್ ಎಷ್ಟು ಕುಗ್ಗಿತು ಅನ್ನುವ ಅಳತೆ). ಗಂಟೆಗೆ 100 ಮಿ.ಮೀ. ಆದರೆ 5.5 ಡೆಸಿಬೆಲ್. ಮಳೆ ಹತ್ತು ಪಟ್ಟು ಆದರೆ ನಷ್ಟ ಹದಿನೈದು ಪಟ್ಟು.

ಮಳೆ ಹುಟ್ಟುವ ಎತ್ತರ ನಮ್ಮಲ್ಲಿ ಹೆಚ್ಚೆಂದರೆ 5 ಕಿ.ಮೀ. ಅಂತಿಟ್ಟುಕೊಳ್ಳಿ. ಉಪಗ್ರಹ 60 ಡಿಗ್ರಿ ಎತ್ತರದಲ್ಲಿದ್ದರೆ ಸಿಗ್ನಲ್ ಮಳೆಯೊಳಗೆ ಓರೆಯಾಗಿ 5.8 ಕಿ.ಮೀ. ಬರಬೇಕು. ಆಷಾಢದ ಜಿಟಿಜಿಟಿಯಲ್ಲಿ, ಗಂಟೆಗೆ 10 ಮಿ.ಮೀ.ಯಂತೆ ಮೂರು ದಿನ ಬಿಡದೆ ಹೊಯ್ದರೂ, ನಷ್ಟ 2 ಡೆಸಿಬೆಲ್. ವೇಗ ಸ್ವಲ್ಪ ಇಳಿಯುತ್ತೆ, ಅಷ್ಟೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆಯ ಬಹುಭಾಗ ಹೀಗೆ ಗಂಟೆಗಟ್ಟಲೆ ಬೀಳುವಂಥದ್ದು. ಅದೇ ಏಪ್ರಿಲ್-ಮೇ ಗುಡುಗು ಮಳೆ ನೋಡಿ: ಗಂಟೆಗೆ 100 ಮಿ.ಮೀ. ರಭಸ, ಮೋಡದ ತಿರುಳಲ್ಲಿ 3-4 ಕಿ.ಮೀ. ದಾರಿ. 16ರಿಂದ 22 ಡೆಸಿಬೆಲ್ ಹೋಯ್ತು. 20 ಡೆಸಿಬೆಲ್ ಅಂದ್ರೆ ನೂರರಲ್ಲಿ ಒಂದು ಪಾಲು ಉಳಿದ ಹಾಗೆ. ಹತ್ತು-ಇಪ್ಪತ್ತು ನಿಮಿಷ ಕೈ ಕಟ್ಟಿ ಕೂರಬೇಕು. ಆಷಾಢದಲ್ಲೂ ನಡುನಡುವೆ ಅಂಥ ಹೊಡೆತ ಬರುತ್ತೆ, ಆದರೆ ಹೆಚ್ಚು ಹೊತ್ತು ನಿಲ್ಲಲ್ಲ.

ಖರ್ಚಿಲ್ಲದ ಪರೀಕ್ಷೆ ಒಂದಿದೆ. ಮನೆಯಲ್ಲಿ ಡಿಟಿಎಚ್ ಇದ್ದರೆ ಅದು ಕಪ್ಪಾಗುವ ಹೊತ್ತು, ವಾಪಸ್ ಬರುವ ಹೊತ್ತು ಒಂದು ಮಳೆಗಾಲ ಕ್ಯಾಲೆಂಡರಿನಲ್ಲಿ ಬರೆದಿಡಿ. ಉಪಗ್ರಹ ಇಂಟರ್ನೆಟ್ ಅದಕ್ಕಿಂತ ಸ್ವಲ್ಪ ವಾಸಿ ಇರುತ್ತೆ. ಟಿವಿ ಪ್ರಸಾರ ಒಂದೇ ಮಾಡ್ಯುಲೇಶನ್‌ನಲ್ಲಿ (ಅಲೆಯಲ್ಲಿ ಮಾಹಿತಿ ತುಂಬುವ ರೀತಿ) ಬರುವುದರಿಂದ ಮಿತಿ ದಾಟಿದ ಕೂಡಲೇ ಪೂರ್ತಿ ಹೋಗುತ್ತೆ. ಇಂಟರ್ನೆಟ್ ಲಿಂಕು ಸಿಗ್ನಲ್ ಕುಗ್ಗಿದಂತೆ ಮಾಡ್ಯುಲೇಶನ್ ಇಳಿಸಿಕೊಂಡು ನಿಧಾನವಾಗಿಯಾದರೂ ಎಳೆಯುತ್ತೆ. ಜೊತೆಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಪಂಚಾಯಿತಿ ಮಳೆಮಾಪಕದ ಅಂಕಿ ನೋಡಿ. 15 ನಿಮಿಷದಲ್ಲಿ 20 ಮಿ.ಮೀ. ಅಂತ ಇದ್ದರೆ ಅದು ಗಂಟೆಗೆ 80ರ ರಭಸ. ದಿನದ ಮೊತ್ತ ನೋಡಿದರೆ ಈ ವಿಷಯಕ್ಕೆ ಏನೂ ಪ್ರಯೋಜನ ಇಲ್ಲ.

---

ದೋಟಿ_2.0 (ಹೊಸನಗರ)

ಮಳೆ ವಿಷಯ ಮೇಲೆ ಬಂತು. ನಿಮ್ಮ ನಿಜವಾದ ಶತ್ರು ಮರ ಮಾರಾಯ್ರೆ. ಬೆಟ್ಟ ಅಲ್ಲ.

ಮೊಬೈಲ್ ಟವರ್ ಇರೋದು ದಿಗಂತದಲ್ಲಿ, ಅದಕ್ಕೆ ಗುಡ್ಡ ಅಡ್ಡ. ಈ ಡಿಶ್ ನೋಡೋದು ನೆತ್ತಿಯನ್ನ. ಸ್ಟ್ಯಾಂಡರ್ಡ್ ಡಿಶ್‌ನ ನೋಟ 110 ಡಿಗ್ರಿ ಅಗಲ, ನಡುವಿಂದ ಪ್ರತಿ ಕಡೆಗೆ 55. ನೇರ ಮೇಲಕ್ಕೆ ಮುಖ ಮಾಡಿದರೆ ನೆಲದಿಂದ 35 ಡಿಗ್ರಿಗಿಂತ ಕೆಳಗೆ ಏನಿದ್ದರೂ ಅದಕ್ಕೆ ಕಾಣೋದೇ ಇಲ್ಲ. 300 ಮೀಟರ್ ದೂರದಲ್ಲಿ 100 ಮೀಟರ್ ಎತ್ತರದ ಗುಡ್ಡ ಇದ್ದರೆ ಅದು 18 ಡಿಗ್ರಿ. ಅಡ್ಡಿ ಇಲ್ಲ.

ಅಡಿಕೆ ಮರದ ಲೆಕ್ಕ: ಮರದ ತಲೆಯ ಎತ್ತರದಿಂದ ಡಿಶ್ ಎತ್ತರ ಕಳೆಯಿರಿ, 0.7ರಿಂದ ಭಾಗಿಸಿ. ಬಂದಷ್ಟು ಮೀಟರ್ ದೂರ ಬೇಕು. ಮರ 15 ಮೀಟರ್, ಡಿಶ್ 6 ಮೀಟರ್ ಎತ್ತರದಲ್ಲಿ ಅಂದ್ರೆ 9 ಭಾಗಿಸು 0.7, ಸುಮಾರು 13 ಮೀಟರ್. ಅದೇ ಡಿಶ್ ಅಂಗಳದಲ್ಲಿ ನೆಲಕ್ಕಿಟ್ಟರೆ 21 ಮೀಟರ್ ಬೇಕು. ತೋಟದ ನಡುವೆ ಪಂಪ್‌ಹೌಸ್ ಮೇಲೆ ಇಡುವ ಯೋಚನೆ ಇದ್ದರೆ ಇವತ್ತೇ ಬಿಡಿ.

ಒಂದೆರಡು ಮರ ಅಡ್ಡ ಬಂದರೆ ಏನಾಗುತ್ತೆ? ಉಪಗ್ರಹಗಳು 500 ಕಿ.ಮೀ. ಆಸುಪಾಸಿನ ಎತ್ತರದಲ್ಲಿ ಓಡ್ತಾ ಇರ್ತವೆ, ಯಾವ ಉಪಗ್ರಹದ ಜೊತೆ ಮಾತಾಡಬೇಕು ಅನ್ನೋದು 15 ಸೆಕೆಂಡಿಗೊಮ್ಮೆ ಹೊಸದಾಗಿ ತೀರ್ಮಾನ ಆಗುತ್ತೆ. ಪಾಲಿಗೆ ಬಂದದ್ದು ಮರದ ತಲೆಯ ಹಿಂದಿದ್ದರೆ ಕೆಲವು ಸೆಕೆಂಡು ಕಡಿತ. ಯೂಟ್ಯೂಬ್‌ನಲ್ಲಿ ಗೊತ್ತೇ ಆಗಲ್ಲ, ಬಫರ್ ಮುಚ್ಚಿಹಾಕುತ್ತೆ. ವಿಡಿಯೋ ಕಾಲ್‌ನಲ್ಲಿ ಮಾತು ತುಂಡಾಗುತ್ತೆ. ‘ವೇಗ 150 ಬರ್ತಿದೆ, ಮೀಟಿಂಗ್ ಮಾತ್ರ ಆಗ್ತಿಲ್ಲ’ ಅನ್ನುವ ದೂರು ಬಂದರೆ ಮೊದಲು ಮರ ನೋಡಬೇಕು. ಒದ್ದೆ ಸೋಗೆ ಒಣ ಸೋಗೆಗಿಂತ ಹೆಚ್ಚು ನುಂಗುತ್ತೆ, ಗಾಳಿಗೆ ತಲೆ ತೂಗಿದರೆ ಅಡ್ಡಿಯ ಜಾಗವೂ ಅಲ್ಲಾಡುತ್ತೆ.

ಇನ್ನೊಂದು ಸೂಕ್ಷ್ಮ. ನಮ್ಮ ಅಕ್ಷಾಂಶ 14 ಡಿಗ್ರಿ ಹತ್ತಿರ. 35,786 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹಗಳ ಸಾಲು ನಮಗೆ ದಕ್ಷಿಣದಲ್ಲಿ ಹೆಚ್ಚುಕಡಿಮೆ 73 ಡಿಗ್ರಿ ಎತ್ತರದಲ್ಲಿ ಹಾದು ಹೋಗುತ್ತೆ. ಅವಕ್ಕೆ ತೊಂದರೆ ಆಗಬಾರದು ಅಂತ ನಿಯಮ ಇರೋದರಿಂದ ಕೆಳಗಿನ ಉಪಗ್ರಹಗಳು ಆ ಪಟ್ಟಿಯ ನೇರದಲ್ಲಿ ನಮ್ಮ ಜೊತೆ ಮಾತಾಡುವ ಹಾಗಿಲ್ಲ. ಆದ್ದರಿಂದ ನಮಗೆ ಉತ್ತರದ ಆಕಾಶ ಹೆಚ್ಚು ಬೆಲೆಯದ್ದು. ಡಿಶ್ 10 ಡಿಗ್ರಿ ಉತ್ತರಕ್ಕೆ ವಾಲಿದರೆ ಉತ್ತರದಲ್ಲಿ 25 ಡಿಗ್ರಿವರೆಗೆ ತೆರವು ಬೇಕು, ದಕ್ಷಿಣದಲ್ಲಿ 45 ಇದ್ದರೂ ನಡೆಯುತ್ತೆ. ಪೂರ್ವ-ಪಶ್ಚಿಮ ಅದೇ 35ರ ಆಸುಪಾಸು. ಎಷ್ಟು ವಾಲಿಸಬೇಕು ಅಂತ ಆಪ್ ಹೇಳುತ್ತೆ.

ಅಳೆಯೋದು ಸುಲಭ. ಕಂಪನಿಯ ಆಪ್‌ನಲ್ಲೇ ಫೋನ್ ಕ್ಯಾಮೆರಾ ತಿರುಗಿಸಿ ಅಡೆತಡೆ ನೋಡುವ ವ್ಯವಸ್ಥೆ ಇದೆ, ಡಿಶ್ ಕೊಳ್ಳುವ ಮೊದಲೇ ನೋಡಬಹುದು. ಅದು ಬೇಡವಾದರೆ ಮಕ್ಕಳ ಜಾಮಿಟ್ರಿ ಡಬ್ಬಿಯ ಕೋನಮಾಪಕ, ದಾರ, ಒಂದು ನಟ್ಟು ಸಾಕು. ಡಿಶ್ ಕೂರುವ ಎತ್ತರದಿಂದಲೇ ಅಳೆಯಿರಿ, ಅಂಗಳದಲ್ಲಿ ನಿಂತು ಅಳೆದರೆ ಕೋನ ಹೆಚ್ಚು ತೋರಿಸುತ್ತೆ.

ಔಷಧಿ ಹೊಡೆಯುವ ದಿನ ಡಿಶ್‌ಗೆ ಪ್ಲಾಸ್ಟಿಕ್ ಮುಚ್ಚಿ. ನೂರು ಲೀಟರಿಗೆ ಕೆಜಿ ಮೈಲುತುತ್ತ ಹಾಕಿದ ಬೋರ್ಡೋ ದ್ರಾವಣ ಗಾಳಿಗೆ ಹಾರಿ ಬಂದು ಅಲ್ಯೂಮಿನಿಯಂ, ಸ್ಕ್ರೂ, ಕನೆಕ್ಟರ್ ಮೇಲೆ ಕೂತರೆ ತಿನ್ನಲು ಶುರು ಮಾಡುತ್ತೆ. ಪಾಚಿ ಹಿಡಿದರೆ ಮೆತ್ತಗಿನ ಬಟ್ಟೆಯಿಂದ ಒರೆಸಿದರೆ ಸಾಕು, ಉಜ್ಜುವ ನಾರು ಬೇಡ. ಕೇಬಲ್ಲನ್ನು 25 ಮಿ.ಮೀ. ಪಿವಿಸಿ ಪೈಪಿನೊಳಗೇ ತನ್ನಿ. ಮಂಗ ಎಳೆಯುತ್ತೆ, ಅಳಿಲು ಕಡಿಯುತ್ತೆ.

---

ಹೆಂಚಿನ_ಮಾಡು

ಬೆಟ್ಟ ಅಡ್ಡಿಯಲ್ಲ ಅನ್ನೋದು ಹೊಸ ವಿಷಯ. ನಾಳೆ ಕೋನ ಅಳೆದು ಹಾಕ್ತೀನಿ. ಕರೆಂಟು ಮತ್ತು ಸಿಡಿಲಿನ ವಿಷಯ ಯಾರಾದರೂ ಹೇಳಿ. ಗಟ್ಟಿ ಕಬ್ಬಿಣದ ಪೈಪು ನೆಟ್ಟು ಅದರ ಮೇಲೆ ಡಿಶ್ ಇಟ್ಟರೆ ಸಿಡಿಲಿಗೆ ಆಹ್ವಾನ ಕೊಟ್ಟ ಹಾಗಲ್ವಾ?

---

ಮೂರನೇ_ಕಂಬ (ವಿದ್ಯುತ್ ಕೆಲಸ, ಸಾಗರ)

ಮೊದಲು ಕರೆಂಟು.

ಸ್ಟ್ಯಾಂಡರ್ಡ್ ಡಿಶ್ ಎಳೆಯೋದು 75ರಿಂದ 100 ವ್ಯಾಟ್, ಅದರ ಚಿಕ್ಕ ಮಾದರಿ ಮಿನಿ 25ರಿಂದ 40. ನಿಮ್ಮ 150 ಆಂಪ್‌ಅವರ್ ಬ್ಯಾಟರಿ ಕಾಗದದ ಮೇಲೆ 1,800 ವ್ಯಾಟ್‌ಅವರ್. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯುಸ್ಸು ಕಮ್ಮಿ, ಅಂದ್ರೆ 900. ಇನ್ವರ್ಟರ್ ನಷ್ಟ ಕಳೆದು ಕೈಗೆ ಸಿಗೋದು ಹೆಚ್ಚೆಂದರೆ 720. ಸ್ಟ್ಯಾಂಡರ್ಡ್ ಡಿಶ್ ಒಂದೇ ಓಡಿದರೆ ಎಂಟೂವರೆ ಗಂಟೆ. ಎರಡು ಹಳೇ ಫ್ಯಾನು, ಮೂರು ಎಲ್‌ಇಡಿ ಸೇರಿದರೆ ಮೂರು ಗಂಟೆಯೂ ಇಲ್ಲ. ಎರಡು ದಿನದ ಕತೆ ಇದರಲ್ಲಿ ಆಗಲ್ಲ.

ಮಲೆನಾಡಿಗೆ ಮಿನಿಯೇ ಸರಿ. ಅದು 12ರಿಂದ 48 ವೋಲ್ಟ್ ಡಿಸಿ ನೇರ ತಗೊಳ್ಳುತ್ತೆ, ಇನ್ವರ್ಟರ್ ನಡುವೆ ಬೇಡ. ಇನ್ವರ್ಟರ್ ಸುಮ್ಮನೆ ಆನ್ ಇದ್ದರೇ 10-20 ವ್ಯಾಟ್ ತಿನ್ನುತ್ತೆ ಅನ್ನೋದು ಮರೀಬೇಡಿ. 12.8 ವೋಲ್ಟ್ 100 ಆಂಪ್‌ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಪ್ರತ್ಯೇಕ ಇಟ್ಟರೆ 1,280 ವ್ಯಾಟ್‌ಅವರ್, ಅದರಲ್ಲಿ ಶೇ 90 ಬಳಸಿದರೂ 30 ವ್ಯಾಟಿಗೆ 38 ಗಂಟೆ. ರಾತ್ರಿ ಮಲಗುವಾಗ ಆರಿಸಿದರೆ ಎರಡು ದಿನ ಆರಾಮ.

ಇಲ್ಲಿ ಎಲ್ಲರೂ ಎಡವೋದು ತಂತಿಯಲ್ಲಿ. ‘12 ವೋಲ್ಟಿಗೆ ಹಾಕಿದೆ, ಐದು ನಿಮಿಷಕ್ಕೊಮ್ಮೆ ರೀಸ್ಟಾರ್ಟ್ ಆಗ್ತದೆ’ ಅಂದ್ರೆ ಕಾರಣ ಇದೇ. ಮಿನಿಯ ಸರಾಸರಿ ಕಮ್ಮಿ ಇದ್ದರೂ ಒಮ್ಮೊಮ್ಮೆ 60 ವ್ಯಾಟ್ ಕೇಳುತ್ತೆ, 12 ವೋಲ್ಟಲ್ಲಿ ಅದು 5 ಆಂಪ್. ಬ್ಯಾಟರಿಯಿಂದ ಡಿಶ್‌ಗೆ 10 ಮೀಟರ್ ದೂರ, 1.5 ಚದರ ಮಿ.ಮೀ. ತಾಮ್ರ: ಹೋಗಿ ಬರುವ 20 ಮೀಟರಿಗೆ 0.24 ಓಮ್. 5 ಆಂಪಿಗೆ 1.2 ವೋಲ್ಟ್ ದಾರಿಯಲ್ಲೇ ಹೋಯ್ತು. ಬ್ಯಾಟರಿಯಲ್ಲಿ 12.6 ಇದ್ದರೂ ಡಿಶ್‌ಗೆ ಸಿಕ್ಕಿದ್ದು 11.4. ಬ್ಯಾಟರಿ ಪಕ್ಕದಲ್ಲೇ 12ರಿಂದ 24 ವೋಲ್ಟಿಗೆ ಏರಿಸುವ ಬೂಸ್ಟ್ ಕನ್ವರ್ಟರ್ ಹಾಕಿ, ಕನಿಷ್ಠ 100 ವ್ಯಾಟಿನದು. ಪ್ಲಸ್ ತಂತಿಗೆ ಬ್ಯಾಟರಿ ಬುಡದಲ್ಲೇ 10 ಆಂಪ್ ಫ್ಯೂಸ್. ಕನ್ವರ್ಟರನ್ನು ಡಿಶ್ ಹತ್ತಿರ ಇಟ್ಟರೆ ಇಷ್ಟೆಲ್ಲ ಮಾಡಿದ್ದು ದಂಡ. ಆಪ್‌ನಲ್ಲಿ ಹಿಮ ಕರಗಿಸುವ ಆಯ್ಕೆ ಇರುತ್ತೆ, ಆಫ್ ಮಾಡಿ. ಕೊಡಚಾದ್ರಿಯಲ್ಲೂ ಹಿಮ ಬೀಳಲ್ಲ.

ಹಳೇ ಇನ್ವರ್ಟರಿನಿಂದಲೇ ಲಿಥಿಯಂ ಚಾರ್ಜ್ ಮಾಡುವುದಾದರೆ ಹಿಂದಿನ ಸ್ವಿಚ್ಚನ್ನು ಟ್ಯೂಬ್ಯುಲರ್‌ನಿಂದ ಎಸ್‌ಎಂಎಫ್‌ಗೆ (ನೀರು ಹಾಕಬೇಕಿಲ್ಲದ ಬ್ಯಾಟರಿಯ ಕ್ರಮ) ಬದಲಿಸಿ. ಇಂಥ ಬ್ಯಾಟರಿಗೆ 14.6 ವೋಲ್ಟ್ ಮೇಲ್ಮಿತಿ. ಟ್ಯೂಬ್ಯುಲರ್ ಕ್ರಮದಲ್ಲಿ ಅದನ್ನು ದಾಟಿದರೆ ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್ (ಬಿಎಂಎಸ್) ಸಂಪರ್ಕ ಕಡಿಯುತ್ತೆ, ಮನೆಯವರು ‘ಹೊಸ ಬ್ಯಾಟರಿ ಸತ್ತಿದೆ’ ಅಂದುಕೊಳ್ತಾರೆ.

ಸೋಡಿಯಂಗೆ ಕಾಯಬೇಕಾ? ಚೀನಾದ ಬ್ಯಾಟರಿ ಕಂಪನಿ ಸಿಎಟಿಎಲ್ 2021ರಲ್ಲಿ ಕೆಜಿಗೆ 160 ವ್ಯಾಟ್‌ಅವರ್ ಅಂತು, 2025ರ ಏಪ್ರಿಲ್‌ನಲ್ಲಿ 175 ಅಂತು. ಒಳ್ಳೇದೇ. ಆದರೆ ಅದರ ದೊಡ್ಡ ಲಾಭ ಮೈನಸ್ ಚಳಿಯಲ್ಲೂ ಕೆಲಸ ಮಾಡೋದು. ನಮಗೆ ಅದರಿಂದ ಏನಾಗಬೇಕು? ತೊಂದರೆ ಬೇರೆ ಇದೆ: ಸೋಡಿಯಂ ಸೆಲ್ ತುಂಬಿದಾಗ 4 ವೋಲ್ಟ್ ಹತ್ತಿರ, ಖಾಲಿಯಾಗುವಾಗ 1.5. ನಾಲ್ಕು ಸೆಲ್ ಜೋಡಿಸಿದರೆ 16ರಿಂದ 6ರವರೆಗೆ ಜಾರುತ್ತೆ. 10.5ಕ್ಕೆ ಕಟ್ ಆಗುವ ಇನ್ವರ್ಟರ್ ಅದರ ಒಂದು ಪಾಲನ್ನು ಮುಟ್ಟುವುದೇ ಇಲ್ಲ. ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಹೆಚ್ಚು ಹೊತ್ತು 3.2-3.3ರಲ್ಲೇ ನಿಲ್ಲುತ್ತೆ. ಈಗ ಬೇಕಿದ್ದರೆ ಈಗ ತಗೊಳ್ಳಿ.

ಇನ್ನು ಸಿಡಿಲು. ಪೈಪು ಸಿಡಿಲನ್ನು ಕರೆಯುತ್ತಾ ಅನ್ನೋದಕ್ಕಿಂತ ಪೈಪನ್ನು ಯಾವುದಕ್ಕೆ ಕಟ್ಟಿದ್ದೀರಿ ಅನ್ನೋದು ಮುಖ್ಯ. ಸಾಮಾನ್ಯ ತಪ್ಪು: ಡಿಶ್ ಪೈಪಿಗೆ ಒಂದು ಹೊಸ ಅರ್ಥಿಂಗ್ ಗುಂಡಿ, ಮನೆಯ ವೈರಿಂಗಿಗೆ ಹಳೇ ಗುಂಡಿ, ಎರಡಕ್ಕೂ ಸಂಬಂಧ ಇಲ್ಲ. ಪಕ್ಕದ ಮರಕ್ಕೋ ಕಂಬಕ್ಕೋ ಸಿಡಿಲು ಬಡಿದು 10 ಕಿಲೋಆಂಪ್ ಒಂದು ಗುಂಡಿಗೆ ಇಳಿಯಿತು ಅನ್ನಿ. ಗುಂಡಿಯ ರೋಧ 10 ಓಮ್ ಆದರೆ ಆ ಗಳಿಗೆಗೆ ಅದು 1 ಲಕ್ಷ ವೋಲ್ಟ್. ಇನ್ನೊಂದು ಗುಂಡಿ ಸೊನ್ನೆಯಲ್ಲಿ. ನಡುವೆ ಸೇತುವೆ ಯಾವುದು? ನಿಮ್ಮ ಡಿಶ್ ಕೇಬಲ್ಲು, ರೂಟರ್. ಆದ್ದರಿಂದ ಎರಡೂ ಗುಂಡಿಗಳನ್ನು 25×3 ಮಿ.ಮೀ. ಜಿಐ (ಸತು ಲೇಪಿಸಿದ ಕಬ್ಬಿಣ) ಪಟ್ಟಿಯಿಂದ ಸೇರಿಸಿ. ಡಿಟಿಎಚ್ ಪೈಪು, ಸೋಲಾರ್ ಚೌಕಟ್ಟು ಇದ್ದರೆ ಅವೂ ಅದಕ್ಕೇ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ರೋಧ ಏರುತ್ತೆ, ಸಿಡಿಲು ಜಾಸ್ತಿ ಬಡಿಯೋದೂ ಆಗಲೇ. ಮಾರ್ಚ್‌ನಿಂದ ಗುಂಡಿಗೆ ನೀರು ಬಿಡಿ. ಬಚ್ಚಲ ನೀರು ಹರಿಯುವ ಕಡೆ ಗುಂಡಿ ಇದ್ದರೆ ಇನ್ನೂ ಒಳ್ಳೇದು.

ಮೇನ್ ಬೋರ್ಡಿನಲ್ಲಿ ಟೈಪ್ 2 ಸರ್ಜ್ ಪ್ರೊಟೆಕ್ಟರ್ (ದಿಢೀರ್ ಏರುವ ವೋಲ್ಟೇಜನ್ನು ನೆಲಕ್ಕಿಳಿಸುವ ಸಾಧನ) ಹಾಕಿ, 320 ವೋಲ್ಟಿನದು. 275ರದ್ದು ಬೇಡ, ಹಳ್ಳಿ ಲೈನಿನಲ್ಲಿ ನ್ಯೂಟ್ರಲ್ ಸಡಿಲವಾಗಿ ವೋಲ್ಟೇಜ್ ಏರಿದರೆ ಅದೇ ಮೊದಲು ಸುಡುತ್ತೆ. ಅದಕ್ಕೆ ಹೋಗುವ ತಂತಿ ಎಲ್ಲ ಸೇರಿ ಅರ್ಧ ಮೀಟರ್ ಮೀರಬಾರದು, ಸುರುಳಿ ಸುತ್ತಲೂಬಾರದು. ಸಿಡಿಲಿನ ವೇಗಕ್ಕೆ ಒಂದು ಮೀಟರ್ ನೇರ ತಂತಿಯೇ ಸಾವಿರ ವೋಲ್ಟಿನ ಮೇಲೆ ಹಿಡಿದು ನಿಲ್ಲುತ್ತೆ. ಪ್ರೊಟೆಕ್ಟರ್ ಮೇಲಿನ ಸಣ್ಣ ಕಿಟಕಿ ಹಸಿರಿದ್ದದ್ದು ಕೆಂಪಾದರೆ ಅದರ ಆಯುಸ್ಸು ಮುಗಿಯಿತು ಅಂತ. ಅಂಗಡಿಯ ‘ಸ್ಪೈಕ್ ಗಾರ್ಡ್’ ಪಟ್ಟಿಯೊಳಗೂ ಇದೇ ಜಾತಿಯ ಸಣ್ಣ ಬಿಲ್ಲೆ ಇರುತ್ತೆ, ಅದೊಂದನ್ನೇ ನಂಬಬೇಡಿ.

ಎಲ್ಲಕ್ಕಿಂತ ಗ್ಯಾರಂಟಿ ಅಂದ್ರೆ ಕಿತ್ತಿಡೋದು. ಪವರ್ ಪ್ಲಗ್ಗನ್ನಷ್ಟೇ ಅಲ್ಲ, ಡಿಶ್‌ನಿಂದ ಬರುವ ಕೇಬಲ್ಲನ್ನೂ. ಕಿತ್ತ ತುದಿ ಒಂದಡಿ ದೂರ ಇರಲಿ. ಮಿಂಚಿನಿಂದ ಗುಡುಗಿಗೆ 30 ಸೆಕೆಂಡ್ ಅಂದ್ರೆ 10 ಕಿ.ಮೀ. ದೂರ, ಅಷ್ಟರೊಳಗೆ ಕಿತ್ತಿರಬೇಕು. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನವರ ದಾಮಿನಿ ಆಪ್ 20 ಮತ್ತು 40 ಕಿ.ಮೀ. ಸುತ್ತಿನ ಸಿಡಿಲು ತೋರಿಸುತ್ತೆ. ಮನೆಯೊಳಗೆ ಟಿವಿಗೆ, ಕಂಪ್ಯೂಟರಿಗೆ ಲ್ಯಾನ್ ತಂತಿ ಎಳೆಯದೆ ವೈಫೈನಲ್ಲೇ ಬಿಟ್ಟರೆ ರೂಟರ್ ಸುಟ್ಟರೂ ಅದೊಂದೇ ಸುಡುತ್ತೆ.

ಹೆಸರು ನೋಡಿ ನೆನಪಾಯ್ತು, @ದೋಟಿ_2.0: ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಗೆ ಫೋನ್ ಕಟ್ಟಿ ಮೇಲೆತ್ತಿ ಆಕಾಶ ನೋಡುವ ವಿದ್ಯೆ ಯಾರೂ ಮಾಡಬೇಡಿ. ಕಾರ್ಬನ್ ಕರೆಂಟು ಹರಿಸುತ್ತೆ. ತೋಟದ ಮೇಲೆ 11 ಕೆವಿ ಲೈನ್ ಇದ್ದರೆ ಮುಗೀತು.

---

ಕೊಪ್ಪದ_ಕಡೆ

ಇಷ್ಟೆಲ್ಲ ಖರ್ಚಿಗೆ ಮೊದಲು ಕೊಟ್ಟಿಗೆ ಹತ್ತಿರದ ಆ ಒಂದು ಕಡ್ಡಿ ಏನು ಅಂತ ನೋಡಿ. ಫೋನಿನಲ್ಲಿ ನೆಟ್‌ಮಾನ್‌ಸ್ಟರ್ ಥರದ ಆಪ್ ಹಾಕಿ ಆರ್‌ಎಸ್‌ಆರ್‌ಪಿ (ಸಿಗ್ನಲ್ ಬಲದ ಅಂಕಿ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೇದು) ಮತ್ತು ಬ್ಯಾಂಡ್ ಓದಿ. ಬಿಎಸ್ಎನ್ಎಲ್ 4ಜಿ ಹಲವೆಡೆ 700 ಮೆಗಾಹರ್ಟ್ಸ್‌ನಲ್ಲಿದೆ, ಬ್ಯಾಂಡ್ 28. ಕಾಡು, ಗುಡ್ಡದ ಅಂಚಿಗೆ ಬಾಗಿ ಬರುವುದರಲ್ಲಿ ಅದು 2100ಕ್ಕಿಂತ ಎಷ್ಟೋ ಮೇಲು. ಮೈನಸ್ 110ರಿಂದ ಮೈನಸ್ 115 ಇದ್ದರೂ ಹೊರಗೆ ಕಂಬಕ್ಕೆ ಹಾಕುವ 4ಜಿ ರೂಟರ್ ಅದನ್ನು ಬಳಸುವ ಮಟ್ಟಕ್ಕೆ ತರಬಹುದು. ಎರಡು ಎಚ್ಚರ: ಪೆಟ್ಟಿಗೆಯ ಮೇಲೆ ಬ್ಯಾಂಡ್ 28 ಅಂತ ಬರೆದಿರಬೇಕು, ಅಗ್ಗದ ಎಷ್ಟೋ ರೂಟರಿನಲ್ಲಿ ಅದಿಲ್ಲ. ಆಂಟೆನಾ ಮೇಲೆ, ರೂಟರ್ ಒಳಗೆ ಇಟ್ಟು ನಡುವೆ 15 ಮೀಟರ್ ತೆಳು ಕೋಆಕ್ಸ್ ಎಳೆದರೆ ಆಂಟೆನಾ ಕೊಟ್ಟಿದ್ದನ್ನು ಕೇಬಲ್ಲೇ ತಿನ್ನುತ್ತೆ. ರೂಟರೇ ಮೇಲಿರಲಿ, ಕೆಳಗೆ ಬರೋದು ಲ್ಯಾನ್ ಕೇಬಲ್ ಮಾತ್ರ. 10-12 ವ್ಯಾಟ್ ಸಾಕು ಇದಕ್ಕೆ.

ಫೈಬರ್ ಬಂದಿದ್ದರಂತೂ ಮಾತೇ ಇಲ್ಲ, ಅದೇ. ಒಂದೇ ಕೆಲಸ ಮರೀಬೇಡಿ: ಕಂಬದಿಂದ ಮನೆಗೆ ಬರುವ ಡ್ರಾಪ್ ಕೇಬಲ್ಲಿನ ಪಕ್ಕದಲ್ಲಿ ಬರುವ ಉಕ್ಕಿನ ಎಳೆಯನ್ನು ಮನೆಯ ಹೊರಗೇ ಕತ್ತರಿಸಿ ನಿಲ್ಲಿಸಿ. ಗಾಜಿನಲ್ಲಿ ಸಿಡಿಲು ಬರಲ್ಲ, ಆ ಉಕ್ಕಿನಲ್ಲಿ ಬರುತ್ತೆ.

---

ಮಳೆಲೆಕ್ಕ

ಫೋನಿಗೆ ನೇರ ಉಪಗ್ರಹದ ಪ್ರಶ್ನೆ ಉಳಿದಿತ್ತು. 2025ರ ಡಿಸೆಂಬರ್ 24ರಂದು ನಮ್ಮ ಇಸ್ರೋದ ಎಲ್‌ವಿಎಂ3 ರಾಕೆಟ್ ಎತ್ತಿದ ಬ್ಲೂಬರ್ಡ್ ಬ್ಲಾಕ್-2 ಉಪಗ್ರಹ ಅದೇ ಜಾತಿಯದು. ತೂಕ ಸುಮಾರು 6,100 ಕೆಜಿ, ಆಂಟೆನಾ 223 ಚದರ ಮೀಟರ್. ಯಾಕೆ ಅಷ್ಟು ದೊಡ್ಡದು? ಫೋನ್ ಕೂಗೋದು 0.2 ವ್ಯಾಟಿನಲ್ಲಿ, ಆ ಪಿಸುಮಾತು ಕೇಳಲು ಮೇಲೆ ಮೊರದಷ್ಟಗಲ ಕಿವಿ ಬೇಕು. ನೋಡೋಕೆ ಭಾರೀ ಖುಷಿಯ ಎಂಜಿನಿಯರಿಂಗ್. ಆದರೆ ಒಂದು ಬೀಮನ್ನು ದೊಡ್ಡ ಪ್ರದೇಶದವರೆಲ್ಲ ಹಂಚಿಕೊಳ್ಳಬೇಕು, ಆಕಾಶ ಕಾಣುವ ಜಾಗದಲ್ಲಿ ನಿಲ್ಲಬೇಕು. ಘಾಟಿಯಲ್ಲಿ ಗಾಡಿ ಕೆಟ್ಟಾಗ ಮೆಸೇಜ್ ಕಳಿಸಲು ಸರಿ, ಮನೆಯ ಇಂಟರ್ನೆಟ್‌ಗೆ ಬದಲಿ ಅಲ್ಲ.

---

ಹೆಂಚಿನ_ಮಾಡು

ಅಳೆದೆ. ಸಿಟೌಟ್ ಸ್ಲ್ಯಾಬ್ 4 ಮೀಟರ್ ಎತ್ತರ. ಅದರ ಪೂರ್ವ ಮೂಲೆಯಿಂದ ಉತ್ತರಕ್ಕೆ ಗದ್ದೆ, 12 ಡಿಗ್ರಿ. ಪಶ್ಚಿಮದ ಬೆಟ್ಟ 22. ದಕ್ಷಿಣಕ್ಕೆ ಹಲಸಿನ ಮರ, 44. ಪೂರ್ವಕ್ಕೆ ತೋಟದ ಮೊದಲ ಸಾಲು, ಮರ 16 ಮೀಟರ್, ದೂರ 14 ಮೀಟರ್. ಕೋನ 40-41 ಬಂತು. ಎರಡು ಮೀಟರ್ ಪೈಪು ಎತ್ತರಿಸಿದರೆ ಸಾಕಾ? ಕೊಟ್ಟಿಗೆ ಹತ್ತಿರ ಬ್ಯಾಂಡ್ 28 ಇದೆ, ಮೈನಸ್ 113.

---

ದೋಟಿ_2.0

ಪೈಪು ಎತ್ತರಿಸಿದರೆ 10 ಭಾಗಿಸು 14, ಮೂವತ್ತೈದೂವರೆ ಡಿಗ್ರಿ. ಗೆರೆ ಮೇಲೇ ಕೂತ ಹಾಗೆ. ಅದರ ಬದಲು ಸ್ಲ್ಯಾಬಿನ ಪಶ್ಚಿಮ ತುದಿಗೆ 4 ಮೀಟರ್ ಸರಿಸಿ: 12 ಭಾಗಿಸು 18, ಮೂವತ್ತನಾಲ್ಕರ ಒಳಗೆ ಬರುತ್ತೆ. ಪೈಪೂ ಬೇಡ, ಗಾಳಿಗೆ ತಂತಿ ಬಿಗಿಯುವ ಕೆಲಸವೂ ಬೇಡ. ಹಲಸಿನ ಮರ ಈಗ ಪರವಾಗಿಲ್ಲ, ಮಳೆಗಾಲದ ಚಿಗುರಿಗೆ 45 ದಾಟುತ್ತೆ. ಉತ್ತರಕ್ಕೆ ಚಾಚಿದ ಕೊಂಬೆ ಒಂದನ್ನ ಮೇ ಒಳಗೆ ಸವರಿ.

ಆದರೆ ಮೈನಸ್ 113ರ ಬ್ಯಾಂಡ್ 28 ಕೈಯಲ್ಲಿರುವಾಗ @ಕೊಪ್ಪದ_ಕಡೆ ಹೇಳಿದ ರೂಟರನ್ನೇ ಮೊದಲು ಅದೇ ಪಶ್ಚಿಮ ತುದಿಯಲ್ಲಿ ಹಾಕಿ ನೋಡಿ. ಮೂಲೆಗೂ ಕೊಟ್ಟಿಗೆಗೂ ಐದಾರು ಡೆಸಿಬೆಲ್ ವ್ಯತ್ಯಾಸ ಬರಬಹುದು, ಫೋನ್ ಹಿಡಿದು ಎರಡೂ ಕಡೆ ಓದಿ ಆಮೇಲೆ ಸ್ಲ್ಯಾಬಿಗೆ ತೂತು ಹೊಡೀರಿ.